ಹುಲ್ಲಿನ ಹೊರೆಗೆ ಬಿಡದ ದಾರಿ

ಬೆಳಿಗ್ಗೆ ಒಂಬತ್ತಕ್ಕೆ ಠಾಣೆಗೆ ಬಂದ ಹೆಂಗಸಿನ ತಲೆಗೂದಲಲ್ಲಿ ಇನ್ನೂ ಹುಲ್ಲಿನ ಎಸಳು ಸಿಕ್ಕಿಕೊಂಡಿತ್ತು. ಹಸುವಿಗೆ ಹುಲ್ಲು ಹೇರಿಕೊಂಡು ಬರುತ್ತಿದ್ದ ಅವಳ ಅಪ್ಪನ ಮೊಪೆಡ್‌ಗೆ ಹಿಂದಿನ ಸಂಜೆ ಮಾರುಕಟ್ಟೆ ಸರ್ಕಲ್‌ನಲ್ಲಿ ಕಾರೊಂದು ಗುದ್ದಿ ಓಡಿಹೋಗಿತ್ತು. ತೊಡೆಮೂಳೆ ಮುರಿದಿತ್ತು.

"ಎಲ್ಲರೂ ಮುದುಕಂದೇ ತಪ್ಪು ಅಂತಾರೆ ಸಾರ್. ಕೇಳಿ ಕೇಳಿ ಅಪ್ಪನೂ ಹಂಗೇ ಅನ್ನೋಕೆ ಶುರು ಮಾಡಿದಾನೆ. ಆಸ್ಪತ್ರೇಲಿ ಊಟ ಬಿಟ್ಟು ಮಲಗಿದಾನೆ."

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ, ದಫೇದಾರನೊಂದಿಗೆ ಸರ್ಕಲ್‌ಗೆ ಹೋದರು.

ಆ ಸರ್ಕಲ್‌ಗೊಂದು ನಿಯಮವಿತ್ತು: ಒಳಗೆ ಸುತ್ತುತ್ತಿರುವವನಿಗೆ ಮೊದಲು ದಾರಿ, ಹೊರಗಿನಿಂದ ಬರುವವನು ನಿಲ್ಲಬೇಕು. ಅದನ್ನು ಸಾರುವ ಫಲಕದ ಮೇಲೆ ಯಾರೋ ಚಾಪೆ ಒಣಗಹಾಕಿದ್ದರು. ಊರು ಪಾಲಿಸುತ್ತಿದ್ದ ನಿಯಮವೇ ಬೇರೆ. ಲಾರಿಗೆ ಬಸ್ಸು ಹೆದರುತ್ತಿತ್ತು, ಬಸ್ಸಿಗೆ ಕಾರು, ಕಾರಿಗೆ ಮೊಪೆಡ್ಡು. ಊರಿನ ದೊಡ್ಡವರು ಇದನ್ನು ಶಿಸ್ತು ಎನ್ನುತ್ತಿದ್ದರು.

ಪಂಚನಾಮೆಗೆ ನಿಂತಾಗ ಬಿಡಾಡಿ ಎಮ್ಮೆಯೊಂದು ಚೆಲ್ಲಿದ ಹುಲ್ಲನ್ನು ಮೇಯುತ್ತಿತ್ತು.

"ಸಾಕ್ಷಿ ತಿಂತಾ ಇದೆ ಸಾರ್," ಎಂದ ದಫೇದಾರ.

"ತಿನ್ಲಿ ಬಿಡು. ಸುಳ್ಳಂತೂ ಹೇಳಲ್ಲ."

ಚಹಾ ಅಂಗಡಿಯವನನ್ನು ಕರೆದರು.

"ನೋಡಿದ್ಯಾ?"

"ನೋಡ್ದೆ. ಕಾರು ಬರ್ತಿದ್ರೂ ಮುದುಕ ನಿಲ್ಲಿಸ್ಲಿಲ್ಲ."

"ಅವನು ಒಳಗಿದ್ನಲ್ಲಯ್ಯ, ಯಾಕೆ ನಿಲ್ಲಿಸ್ಬೇಕು?"

"ಕಾರಲ್ವಾ ಸಾರ್!"

"ಯಾರ ಕಾರು?"

"ಅದೊಂದು ಕಾಣ್ಲಿಲ್ಲ."

ಡಾಂಬರಿನ ಮೇಲೆ ಚಕ್ರದ ಕಪ್ಪು ಗೆರೆ ಸರ್ಕಲ್‌ನ ಬಾಯಲ್ಲಿ ಶುರುವಾಗಿ, ಗುದ್ದಿದ ಜಾಗಕ್ಕೆ ಮುಂಚೆಯೇ ತುಂಡಾಗಿತ್ತು. ಇನ್ಸ್‌ಪೆಕ್ಟರ್ ಬಗ್ಗಿ ಬಹಳ ಹೊತ್ತು ನೋಡಿದರು.

"ಬ್ರೇಕ್ ಹಾಕಿ, ಬಿಟ್ಟು, ಮತ್ತೆ ನುಗ್ಗಿದಾನೆ. ಒಂದೇ ತಲೆಗೆ ಅಷ್ಟು ಬೇಗ ಎರಡು ಬುದ್ಧಿ ಬರಲ್ಲ. ಇಬ್ಬರ ಕಾಲಿಗೂ ಪೆಡಲ್ ಇರೋ ಕಾರು ಯಾವುದಯ್ಯ?"

ದಫೇದಾರ ಹಣೆ ಚಚ್ಚಿಕೊಂಡ. "ಡ್ರೈವಿಂಗ್ ಸ್ಕೂಲಿಂದು!"

ಊರಿಗಿದ್ದದ್ದು ಒಂದೇ ಸ್ಕೂಲು. ಇವರು ಹೋದಾಗ ಮೇಷ್ಟ್ರು ಕಪ್ಪುಹಲಗೆಯ ಮೇಲೆ ದುಂಡಗೆ ಸರ್ಕಲ್ ಬರೆದು, ಒಳಗಿರುವವನಿಗೆ ಮೊದಲ ದಾರಿ ಎಂದು ಗಂಟಲು ಹರಿಯುವಂತೆ ಪಾಠ ಮಾಡುತ್ತಿದ್ದ. ಕಾರು ಹಿತ್ತಲಲ್ಲಿ ಟಾರ್ಪಾಲಿನ ಕೆಳಗಿತ್ತು. ಬಂಪರಿನ ಸಂದಿಯಲ್ಲಿ ಹುಲ್ಲು ಕಚ್ಚಿಕೊಂಡಿತ್ತು.

ಹಿಂದಿನ ಬೆಂಚಿನಲ್ಲಿ ಕಲಿಯಲು ಕೂತಿದ್ದ ಟೈಲರಮ್ಮ ಅಳತೊಡಗಿದಳು. "ನಾನು ನಿಲ್ಲಿಸಿದ್ದೆ ಸಾರ್. ಇವರು 'ಬಿಡೇ ಬ್ರೇಕು' ಅಂತ ಗದರಿ, ತಮ್ಮ ಕಡೆ ಆಕ್ಸಿಲರೇಟರ್ ಒತ್ತಿದ್ರು. ಬಾಯಿ ಬಿಟ್ರೆ ಸ್ಟೀರಿಂಗ್ ಹಿಡಿದಿದ್ದವಳು ನೀನೇ, ಜೈಲಿಗೆ ಹೋಗೋಳೂ ನೀನೇ ಅಂದ್ರು."

ಮೇಷ್ಟ್ರನ್ನು ಅಲ್ಲೇ ಬಂಧಿಸಿದರು. ಜೀಪಿನಲ್ಲಿ ಇನ್ಸ್‌ಪೆಕ್ಟರ್ ಕೇಳಿದರು.

"ನಿಯಮ ಗೊತ್ತಿರಲಿಲ್ವಾ?"

"ನಾನೇ ಕಲಿಸೋನು ಸಾರ್."

"ಮತ್ತೆ?"

"ಕಾರಿನ ನೆತ್ತಿ ಮೇಲೆ ನನ್ನ ಬೋರ್ಡಿದೆ. ಚಹಾ ಅಂಗಡಿ ಮುಂದೆ ಅಷ್ಟು ಜನ. ಹುಲ್ಲಿನ ಹೊರೆಗೆ ಕಾದು ನಿಂತ್ರೆ ಮೇಷ್ಟ್ರು ಪುಕ್ಕಲ ಅನ್ನಲ್ವಾ?"

"ಲಾರಿ ಬಂದಿದ್ರೆ?"

"ನಿಲ್ತಿದ್ದೆ," ಎಂದ ಮೇಷ್ಟ್ರು ತಡಮಾಡದೆ, ಅದರಲ್ಲಿ ಕೇಳುವಂಥದ್ದೇನಿದೆ ಎಂಬಂತೆ.

ಸಂಜೆ ಇನ್ಸ್‌ಪೆಕ್ಟರ್ ಆಸ್ಪತ್ರೆಗೆ ಹೋಗಿ ಮುದುಕನಿಗೆ ಎಲ್ಲವನ್ನೂ ಹೇಳಿದರು. ಅವನು ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿಸಿಕೊಂಡ.

"ಹಂಗಾದ್ರೆ ನಾನು ಸರಿಯಾಗೇ ಸುತ್ತಿದ್ನಾ?"

"ಸರಿಯಾಗೇ, ಯಜಮಾನ್ರೇ."

ಮುದುಕ ಮುಖವನ್ನು ಪಕ್ಕದಲ್ಲಿ ಕೂತಿದ್ದ ಮಗಳತ್ತ ತಿರುಗಿಸಿ, ಅವಳ ಕೈಯಲ್ಲಿದ್ದ ಊಟದ ತಟ್ಟೆಗೆ ಕೈ ಚಾಚಿದ.