ನಾಲ್ಕನೇ ಪೀಪಾಯಿ

ಟೋಪಿಯನ್ನು ಕೈಯಲ್ಲಿ ಹಿಡಿದು ನಾನು ಲೆಸಿಯಾಳ ಮೇಜಿನ ಮುಂದೆ ನಿಂತಾಗ ಅವಳು ಬೇರೊಂದು ಮಾತಿಗೆ ಸಿದ್ಧಳಾಗಿಬಿಟ್ಟಿದ್ದಳು. ತಪ್ಪು ನನ್ನದೇ. ಅವತ್ತು ನಾನು ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದೆ. ಪಾದ್ರಿಯ ಮುಂದೆ ತಪ್ಪೊಪ್ಪಿಕೊಳ್ಳಲು ಹೋಗುವಾಗ ಮಡಿಯಾಗಿ ಹೋಗಬೇಕೆಂದು ನಮ್ಮಜ್ಜಿ ಕಲಿಸಿದ್ದಳು, ಆ ಅಭ್ಯಾಸ.

"ಹೇಳು ನೆಸ್ಟರ್. ನಾನೇನು ಕಚ್ಚಲ್ಲ," ಎಂದಳು. ಅವಳ ಕಿವಿಯ ತುದಿ ಆಗಲೇ ಕೆಂಪಾಗಿತ್ತು.

ಮೇಜಿನ ಮೇಲೆ ಹೊಸ ಲೇಬಲ್ಲಿನ ಮಾದರಿ ಇತ್ತು. ಅದರಲ್ಲಿ ಅವಳ ಅಪ್ಪ ಬೋಹ್ದಾನನ ಹೆಸರು, ಅದರ ಕೆಳಗೆ ದಪ್ಪಗೆ ಹನ್ನೆರಡು ವರ್ಷ. ಇಂಗ್ಲಿಷಿನಲ್ಲಿ ಒಮ್ಮೆ, ಫ್ರೆಂಚಿನಲ್ಲಿ ಒಮ್ಮೆ. ನಾನು ಅದನ್ನೇ ನೋಡುತ್ತ ನಿಂತೆ.

ಸಸ್ಕಾಚೆವಾನಿನ ಬಯಲಿನಲ್ಲಿ ನಮ್ಮದೊಂದು ಚಿಕ್ಕ ವಿಸ್ಕಿ ಭಟ್ಟಿ. ಬೋಹ್ದಾನ್ ಕಟ್ಟಿದ್ದು. ಆರು ವರ್ಷದ ಹಿಂದೆ ನಾನು ಪೀಪಾಯಿ ರಿಪೇರಿಗೆಂದು ಎರಡು ವಾರದ ಮಟ್ಟಿಗೆ ಬಂದವನು, ಅಲ್ಲೇ ಉಳಿದುಬಿಟ್ಟೆ. ಕಾರಣ ಸಂಬಳವಲ್ಲ. ಲೆಸಿಯಾ ವಿಸ್ಕಿ ಮೂಸಿ ನೋಡುವಾಗ ಎರಡೂ ಕಣ್ಣು ಮುಚ್ಚುತ್ತಾಳೆ. ಹಿಡಿಸಿದರೆ ಎಡಗಣ್ಣೊಂದನ್ನೇ ತೆರೆದು, ಹತ್ತಿರ ಯಾರಿದ್ದಾರೋ ಅವರನ್ನು ನೋಡುತ್ತಾಳೆ. ಹತ್ತಿರ ನಾನೇ ಇರುವಂತೆ ನೋಡಿಕೊಳ್ಳುವುದರಲ್ಲಿ ನನ್ನ ಆರು ವರ್ಷ ಕಳೆದುಹೋಯಿತು.

ಹೋದ ವಸಂತದಲ್ಲಿ ಬೋಹ್ದಾನ್ ತೀರಿಕೊಂಡ. ಅವನು ತನ್ನ ಕೈಯಾರೆ ಇಳಿಸಿ ಹನ್ನೆರಡು ವರ್ಷ ಮಾಗಲು ಬಿಟ್ಟ ಆರು ಪೀಪಾಯಿ ಉಳಿದಿದ್ದವು. ಮೂರರಲ್ಲಿ ಗೋಧಿಯ ವಿಸ್ಕಿ, ಮೂರರಲ್ಲಿ ರೈ ಧಾನ್ಯದ್ದು. ಹೋದ ವಾರವಷ್ಟೇ ಲೆಸಿಯಾ ಆರನ್ನೂ ಒಂದೇ ತೊಟ್ಟಿಯಲ್ಲಿ ಬೆರೆಸಿದ್ದಳು. ಹನ್ನೆರಡು ವರ್ಷದ್ದಾದರೆ ಅಷ್ಟೂ ಬಾಟಲಿ ತನಗೇ ಇರಲಿ ಎಂದು ಟೊರಾಂಟೊದ ವ್ಯಾಪಾರಿಯೊಬ್ಬ ಮಾತು ಕೊಟ್ಟಿದ್ದ. ಆ ಮಾತು ನಡೆದರೆ ಭಟ್ಟಿ ಅವಳ ಕೈಯಲ್ಲಿ ಉಳಿಯುತ್ತದೆ. ಇಲ್ಲವಾದರೆ ಬೇರೆ ಕಂಪನಿಗೆ ಬಿಟ್ಟುಕೊಟ್ಟು ಹ್ಯಾಲಿಫ್ಯಾಕ್ಸಿನ ಅಕ್ಕನ ಮನೆಗೆ ಹೋಗುತ್ತೇನೆ ಎಂದು ಅವಳೇ ನನಗೆ ಹೇಳಿದ್ದಳು.

"ನಾಲ್ಕನೇ ಪೀಪಾಯಿ ಇತ್ತಲ್ಲ," ಎಂದೆ.

"ಪೀಪಾಯೀನಾ?"

ಹೇಳಿಬಿಟ್ಟೆ. ಹೋದ ಚಳಿಗಾಲ ಅವಳು ಆಸ್ಪತ್ರೆಯಲ್ಲಿ ಅಪ್ಪನ ಮಂಚದ ಪಕ್ಕ ಕೂತಿದ್ದಾಗ ನಾಲ್ಕನೆಯದು ಸೋರಿತ್ತು. ನಾನು ಹಲಗೆ ಬದಲಿಸಿದೆ. ಆದರೆ ಪೀಪಾಯಿ ಅರೆಬರೆ ಖಾಲಿ ಇದ್ದರೆ ಮರ ಒಣಗಿ ಮತ್ತೆ ಬಿರುಕು ಬಿಡುತ್ತದೆ. ಅದನ್ನು ನೋಡಿಕೊಂಡು ಸುಮ್ಮನಿರಲು ನಮ್ಮ ಕಸುಬಿನವರಿಂದ ಆಗುವುದಿಲ್ಲ. ಪಕ್ಕದ ಸಾಲಿನ ಹೊಸ ಪೀಪಾಯಿಯೊಂದರಿಂದ ಮೂರು ವರ್ಷದ ರೈ ತೆಗೆದು ತುಂಬಿಸಿದೆ. ಅಪ್ಪನ ಚಿಂತೆಯಲ್ಲಿರುವವಳಿಗೆ ಇದೊಂದು ತಲೆನೋವು ಯಾಕೆ ಎಂದು ಹೇಳಲಿಲ್ಲ. ಪೀಪಾಯಿಯ ಮುಖದ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದನ್ನೂ ಮರೆತೆ. ನೆನಪಾದದ್ದು ಹಿಂದಿನ ದಿನ ಲೇಬಲ್ಲಿನ ಮೇಲೆ ಹನ್ನೆರಡು ಕಂಡಾಗಲೇ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವುದು ನನ್ನಂಥವರಿಗೇ.

ಕಾನೂನಿಗೆ ಈ ವಿಷಯದಲ್ಲಿ ದಾಕ್ಷಿಣ್ಯವಿಲ್ಲ. ಎಷ್ಟೇ ಹಳೆಯದನ್ನು ಬೆರೆಸಿದರೂ, ಲೇಬಲ್ಲಿನ ಮೇಲೆ ವಯಸ್ಸು ಹಾಕುವುದಾದರೆ ಬರೆಯಬೇಕಾದದ್ದು ಅದರಲ್ಲಿ ಎಲ್ಲಕ್ಕಿಂತ ಕಿರಿಯದರ ವಯಸ್ಸು. ಮನೆ ತುಂಬ ಅಜ್ಜಂದಿರಿದ್ದರೂ ತೊಟ್ಟಿಲ ಕೂಸಿನ ವಯಸ್ಸನ್ನೇ ಹೇಳಬೇಕು ಎಂದ ಹಾಗೆ. ನಾನು ಸುರಿದದ್ದಕ್ಕೆ ಈಗ ನಾಲ್ಕು ತುಂಬಿತ್ತು.

"ಎಷ್ಟು ಹಾಕಿದೆ?"

"ಎರಡು ಬಕೆಟ್."

"ಯಾರಿಗೆ ಗೊತ್ತು?"

"ನನಗೆ. ಈಗ ನಿನಗೆ."

ಅವಳು ತುಂಬ ಹೊತ್ತು ನನ್ನ ಅಂಗಿಯ ಕಾಲರನ್ನೇ ನೋಡಿದಳು.

"ಇಷ್ಟು ಹೇಳೋಕೆ ಗಡ್ಡ ಬೋಳಿಸ್ಕೊಂಡು ಬಂದ್ಯೇನೋ?"

ಅವಳು ಯಾವ ಮಾತಿಗಾಗಿ ಕಾದಿದ್ದಳು ಎಂಬುದು ನನಗೆ ಆಗ ಹೊಳೆಯಿತು. ಅದೇ ಮಾತು ನನ್ನ ನಾಲಿಗೆಯ ತುದಿಯಲ್ಲೂ ಇತ್ತು. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವನಂತೆ, ಉಗುಳಲಾರದೆ ನುಂಗಲಾರದೆ ನಿಂತೆ. ಕೊನೆಗೆ ನುಂಗಿದೆ. ಅವಳು ಕಿಟಕಿಯ ಕಡೆ ತಿರುಗಿ, ಹೋಗು ಎಂದು ಕೈಸನ್ನೆ ಮಾಡಿದಳು.

ನಾಲ್ಕನೇ ದಿನ ಬಾಟಲಿ ತುಂಬುವ ಕೋಣೆಯ ಗೋಡೆಯ ಮೇಲೆ ಬೇರೆ ಮಾದರಿ ಅಂಟಿಸಿತ್ತು. ಅಪ್ಪನ ಹೆಸರಿನ ಕೆಳಗೆ ನಾಲ್ಕು ವರ್ಷ. ವಯಸ್ಸು ಬರೆಯದೆ ಬಿಡುವುದಕ್ಕೂ ಅವಕಾಶವಿತ್ತು. ಹಾಗೆ ಬಿಟ್ಟರೆ ಕೇಳಿದವರಿಗೆಲ್ಲ ಬಾಯಲ್ಲಿ ಸುಳ್ಳು ಹೇಳಬೇಕಾಗುತ್ತದೆ, ಅಪ್ಪನ ಹೆಸರಿಟ್ಟುಕೊಂಡು ಅದು ತನ್ನಿಂದಾಗದು ಎಂದಳಂತೆ. ಟೊರಾಂಟೊದ ವ್ಯಾಪಾರಿ ಬಹಳ ಮರ್ಯಾದೆಯಿಂದ ಫೋನ್ ಮಾಡಿ, ಬಹಳ ಮರ್ಯಾದೆಯಿಂದ ಕೈಬಿಟ್ಟ.

ಸುದ್ದಿ ಊರಿಗೆ ಹಬ್ಬಿತು. ಹಿಮದ ಮೇಲೆ ಕಲ್ಲು ಜಾರಿಸಿ ಅದರ ಮುಂದೆ ಪೊರಕೆ ಆಡಿಸುವ ಕರ್ಲಿಂಗ್ ಆಟದ ಅಂಗಳದಲ್ಲಿ ಮುದುಕ ಮಿರೊನ್ ಪೊರಕೆಗೆ ಗದ್ದ ಊರಿ ನಿಂತು ನನ್ನನ್ನು ಕೇಳಿದ: "ನಾಲಿಗೆಗೊಂದು ಬೀಗ ಹಾಕೋಕಾಗ್ಲಿಲ್ವೇನಯ್ಯಾ? ಎರಡು ಬಕೆಟ್ಟಿಗೆ ಹುಡುಗೀನೇ ಕಳ್ಕೊಂಡ್ಯಲ್ಲ."

ಎರಡು ವಾರ ಇಬ್ಬರೇ ಕೂತು ಲೇಬಲ್ ಅಂಟಿಸಿದೆವು. ಅವಳು ಗೋಂದು ಹಚ್ಚುವುದು, ನಾನು ಬಾಟಲಿಗೆ ಒತ್ತುವುದು. ಬೆರಳಿಗೆ ಬೆರಳು ತಾಗಿದರೆ ಇಬ್ಬರೂ ಬಾಟಲಿಯನ್ನು ಬೈಯುತ್ತಿದ್ದೆವು. ಒಂದು ಮಧ್ಯಾಹ್ನ ಅವಳು ಲೋಟಕ್ಕೆ ಸ್ವಲ್ಪ ಸುರಿದು, ಕಣ್ಣು ಮುಚ್ಚಿ ಮೂಸಿದಳು. ಎಡಗಣ್ಣು ತೆರೆಯಿತು.

"ನಿಜ ಹೇಳ್ಲಾ? ಅಪ್ಪಂದು ಸ್ವಲ್ಪ ಸಪ್ಪೆ ಹೊಡೀತಿತ್ತು. ನಿನ್ನ ಎರಡು ಬಕೆಟ್ಟೇ ಇದಕ್ಕೆ ಜೀವ ಕೊಟ್ಟಿರೋದು. ಅದನ್ನ ಬರೆಯೋಕೆ ಲೇಬಲ್ಲಲ್ಲಿ ಜಾಗ ಇಲ್ಲ ನೋಡು."

ನಗಬೇಕೋ ಅಳಬೇಕೋ ತಿಳಿಯದೆ ನಾನು ಒಂದು ಲೇಬಲ್ಲನ್ನು ತಲೆಕೆಳಗಾಗಿ ಅಂಟಿಸಿದೆ.

ಫೆಬ್ರವರಿಯಲ್ಲಿ ಅವಳು ಭಟ್ಟಿಯ ಕೀಲಿಕೈಯನ್ನು ಕಂಪನಿಯವರಿಗೆ ಕೊಟ್ಟಳು. ಅವತ್ತು ಮೈನಸ್ ಮೂವತ್ತು, ಬಿಸಿಲಿದ್ದೂ ಇಲ್ಲದ ನಡುಹಗಲು. ಸಾಮಾನು ತುಂಬಿದ ಕಾರನ್ನು ನನ್ನ ಮನೆಯ ಮುಂದೆ ತಂದು ನಿಲ್ಲಿಸಿದಳು. ಇಂಜಿನ್ ಓಡುತ್ತಲೇ ಇತ್ತು. ಗಾಜು ಇಳಿಸಿ ಎರಡು ಬಾಟಲಿ ಕೊಟ್ಟಳು.

"ಅವತ್ತು ಇನ್ನೊಂದು ಮಾತು ನುಂಗಿದ್ಯಲ್ಲ," ಎಂದಳು. "ಈಗಲಾದ್ರೂ ಹೇಳ್ತೀಯಾ? ನಾನು ಹೇಗೂ ಹೊರಟೆ."

ಇನ್ನು ಬಚ್ಚಿಟ್ಟು ಆಗಬೇಕಾದದ್ದಾದರೂ ಏನು? "ನೀನಂದ್ರೆ ನಂಗೆ ಪ್ರಾಣ, ಲೆಸಿಯಾ. ಆರು ವರ್ಷದಿಂದ."

ಅವಳು ಸ್ಟೀರಿಂಗಿನ ಮೇಲೆ ಹಣೆ ಇಟ್ಟಳು. ತಲೆ ಎತ್ತಿದಾಗ ಕಣ್ಣು ಒದ್ದೆಯಾಗಿತ್ತು, ದನಿಯಲ್ಲಿ ಸಿಟ್ಟಿತ್ತು.

"ಅವತ್ತು ಇದನ್ನೇ ಮೊದ್ಲು ಹೇಳಿದ್ರೆ ನಿನ್ನ ಪೀಪಾಯಿ ಕಥೆ ನಾನು ಕಿವಿಗೇ ಹಾಕ್ಕೊಳ್ತಿರ್ಲಿಲ್ಲ ಕಣೋ. ಬಾಯಿ ಮುಚ್ಚು ಅಂತಿದ್ದೆ. ಹನ್ನೆರಡು ಅಂತಲೇ ಅಚ್ಚಾಗ್ತಿತ್ತು. ನಾನು ಇಲ್ಲೇ ಇರ್ತಿದ್ದೆ."

"ಗೊತ್ತು," ಎಂದೆ. "ಅದಕ್ಕೇ ಹೇಳ್ಲಿಲ್ಲ."

ಲೆಸಿಯಾ ಎರಡೂ ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಅಷ್ಟು ಹೊತ್ತು ಅವಳು ನನ್ನನ್ನು ಹಿಂದೆಂದೂ ನೋಡಿರಲಿಲ್ಲ.

ನಮ್ಮ ಕಡೆ ಚಳಿಗಾಲದಲ್ಲಿ ಎಲ್ಲ ಕಾರುಗಳ ಮೂತಿಯ ಕೆಳಗೂ ಒಂದು ವೈರು ನೇತಾಡುತ್ತಿರುತ್ತದೆ. ಇಂಜಿನ್ ಹೆಪ್ಪುಗಟ್ಟದಿರಲೆಂದು ಅದನ್ನು ಮನೆಯ ಕರೆಂಟಿಗೆ ಸಿಕ್ಕಿಸುವುದು. ನಿಂತು ಮಾತಾಡಿ ಹೋಗುವವರು ಅದನ್ನು ಮುಟ್ಟುವುದಿಲ್ಲ; ಉಳಿಯುವವರಷ್ಟೇ ಮುಟ್ಟುತ್ತಾರೆ.

ಅವಳು ಇಂಜಿನ್ ಆಫ್ ಮಾಡಿ ಇಳಿದಳು. ಹಿಮದಲ್ಲಿ ಮಂಡಿಯೂರಿ ಆ ವೈರನ್ನು ಎಳೆದು ಕೈಯಲ್ಲಿ ಹಿಡಿದಳು.

"ಪ್ಲಗ್ ಎಲ್ಲಿದೆ ತೋರ್ಸು," ಎಂದಳು.

ನನ್ನ ಎರಡೂ ಕೈಯಲ್ಲಿ ಬಾಟಲಿಗಳಿದ್ದವು. ಗೋಡೆಯ ಕಡೆ ಮುಖ ತಿರುಗಿಸಿ ಗದ್ದದಿಂದಲೇ ತೋರಿಸಿದೆ.