ಖಾಲಿ ಬಿಟ್ಟ ಚೌಕ

"ರೀ! ಯಾರ್ರೀ ಅದು? ಅಲ್ಲೇ ನಿಲ್ಲಿ! ಇನ್ನೊಂದು ಹೆಜ್ಜೆ ಇಟ್ಟೀರಾ ಜೋಕೆ!"

ದಡದ ಮೇಲಿಂದ ಅವಳು ಕೂಗಿದ ಕೂಗಿಗೆ ಕೆಸರಿನಲ್ಲಿ ಮೇಯುತ್ತಿದ್ದ ಬೆಳ್ಳಕ್ಕಿಗಳೆಲ್ಲ ಎದ್ದು ಹಾರಿದವು.

ಮೊಣಕಾಲಿನವರೆಗೆ ಕೆಸರಿನಲ್ಲಿ ಹೂತುಕೊಂಡಿದ್ದ ಆ ಮನುಷ್ಯ ಮಾತ್ರ ತಲೆಯೆತ್ತಿ ನಕ್ಕ. ಅವನ ಕೈಯಲ್ಲೊಂದು ಕಡಲಂಚಿನ ಮ್ಯಾಂಗ್ರೋವ್ ಸಸಿ, ಹೆಗಲ ಮೇಲೆ ಖಾಲಿಯಾದ ಸಸಿಯ ಬುಟ್ಟಿ.

"ಗಾಬರಿ ಆಗ್ಬೇಡಿ ಮೇಡಂ. ಇಲ್ಲಿದ್ದ ಗಿಡ ಎಲ್ಲಾ ಸತ್ತೋಗಿದ್ವು, ಪಾಪ. ನಾನೇ ಹೊಸದಾಗಿ ನೆಟ್ಟೆ. ನಾಲ್ಕು ಚೌಕಾನೂ ತುಂಬಿಸ್ಬಿಟ್ಟೆ!"

"ನಾಲ್ಕೂ...?"

ಅವಳು ದಡದಿಂದಲೇ ಒಂದೊಂದು ಚೌಕವನ್ನೂ ಎಣಿಸಿದಳು.

ಆ ಚೌಕಗಳಲ್ಲಿ ಯಾವ ಗಿಡವೂ ಸತ್ತಿರಲಿಲ್ಲ. ಅಲ್ಲಿ ಯಾರೂ ಏನೂ ನೆಟ್ಟೇ ಇರಲಿಲ್ಲ! ಹಗ್ಗ ಕಟ್ಟಿ, ಬೇಕೆಂದೇ ಖಾಲಿ ಬಿಟ್ಟ ಜಾಗ ಅದು. ನೆಟ್ಟ ಜಾಗದ ಮಣ್ಣು, ಏಡಿ, ಮೀನುಮರಿ ಇವೆಲ್ಲ ನೆಟ್ಟಿದ್ದರಿಂದಲೇ ಸುಧಾರಿಸಿದವೋ ಅಥವಾ ಸುಮ್ಮನೆ ಬಿಟ್ಟಿದ್ದರೂ ಸುಧಾರಿಸುತ್ತಿದ್ದವೋ ಎಂದು ತಿಳಿಯಬೇಕಾದರೆ ಪಕ್ಕದಲ್ಲಿ ನೆಡದ ಜಾಗವೂ ಇರಬೇಕು. ಅವಳ ಇಡೀ ಸಂಶೋಧನೆ ನಿಂತಿದ್ದು ಆ ಖಾಲಿತನದ ಮೇಲೆ.

ರಜೆಯ ದಿನ ಸ್ವಯಂಸೇವಕರ ಜೊತೆ ಗಿಡ ನೆಡಲು ಬಂದ ಈ ಪುಣ್ಯಾತ್ಮ ಅದನ್ನು ತುಂಬಿಸಿ, ಕೈ ಒರೆಸಿಕೊಂಡು ನಗುತ್ತಾ ನಿಂತಿದ್ದ!

"ಯಾರು ಹೇಳಿದ್ರು ನಿಮಗೆ ಇಲ್ಲಿ ನೆಡೋಕೆ?"

"ಯಾರೂ ಹೇಳ್ಲಿಲ್ಲ. ನಾನೇ..." ಅವನ ನಗು ಆರಿತು. "ತಪ್ಪಾಯ್ತಾ?"

"ತಪ್ಪಾ? ಎರಡು ವರ್ಷದ ಕೆಲಸ ಕಣ್ರೀ! ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಮಾಡಿಬಿಟ್ರಲ್ಲ!"

"ಕಿತ್ತುಹಾಕ್ತೀನಿ. ಈಗಲೇ..."

"ಮುಟ್ಟಬೇಡಿ! ಕಿತ್ರೆ ಮಣ್ಣು ಇನ್ನೂ ಕಲಕುತ್ತೆ! ದಯವಿಟ್ಟು ಮೇಲೆ ಬನ್ನಿ... ಬಂದ ಹೆಜ್ಜೆ ಮೇಲೇ ಹೆಜ್ಜೆ ಇಟ್ಕೊಂಡು ಬನ್ನಿ."

ಅವನು ಪಾಪ, ತನ್ನದೇ ಹೆಜ್ಜೆಗುರುತು ಹುಡುಕುತ್ತಾ ಬಂದ. ಅವಳಿಗೆ ಅಳು ಬರುತ್ತಿತ್ತು. ಅಷ್ಟರ ನಡುವೆಯೂ ಅವನ ಆ ನಡಿಗೆ ಕಂಡು ನಗು ಉಕ್ಕಿತಲ್ಲ, ಅದಕ್ಕೆ ತನ್ನ ಮೇಲೇ ಸಿಟ್ಟು ಬಂತು.

*

ಅವಳನ್ನು ಲ್ಯಾಬಿನಲ್ಲಿ ಎಲ್ಲರೂ ಕರೆಯುತ್ತಿದ್ದುದು 'ಕೆಸರು ಡಾಕ್ಟರ್' ಎಂದು. ಡಾಕ್ಟರೇಟ್ ಮುಗಿದಿತ್ತು, ಕಾಯಂ ಕೆಲಸ ಸಿಕ್ಕಿರಲಿಲ್ಲ. ಎರಡೆರಡು ವರ್ಷದ ಗುತ್ತಿಗೆಯ ಮೇಲೆ ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಗೆ ಗಂಟುಮೂಟೆ ಕಟ್ಟುವ ಈ ಬದುಕಿಗೆ ಪೋಸ್ಟ್‌ಡಾಕ್ ಎಂದು ಹೆಸರು.

ಅಮ್ಮನಿಗೆ ಅದು ಇವತ್ತಿಗೂ ಅರ್ಥವಾಗಿಲ್ಲ. "ಓದು ಮುಗೀತು ಅಂತೀಯ. ಕೆಲಸ ಸಿಕ್ಕಿಲ್ಲ ಅಂತೀಯ. ಇದ್ಯಾವ ಎಡಬಿಡಂಗಿ ಸ್ಥಿತಿನೇ?" ಚಿಕ್ಕಮ್ಮನದು ಇನ್ನೂ ನೇರ ಪ್ರಶ್ನೆ. "ಗಿಡ ನೆಡೋಕೆ ಅಷ್ಟೊಂದು ಓದಬೇಕಾ?"

ನೆಡದೇ ಇರೋಕೆ ಓದಬೇಕು ಚಿಕ್ಕಮ್ಮಾ, ಎಂದು ಹೇಳಬೇಕೆನಿಸುತ್ತಿತ್ತು ಅವಳಿಗೆ. ಹೇಳಿದರೆ ಆಗುವ ಗಲಾಟೆ ನೆನೆದು ಸುಮ್ಮನಾಗುತ್ತಿದ್ದಳು.

ಅವಳ ಪುಣ್ಯಕ್ಕೆ ಕಾಲುವೆಯ ಆಚೆ ಬದಿ ಇನ್ನೆರಡು ಖಾಲಿ ಚೌಕಗಳು ಉಳಿದಿದ್ದವು. "ಆ ಎರಡನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಿ," ಎಂದಿದ್ದರು ಅವಳ ಕೆಲಸದ ಉಸ್ತುವಾರಿ ಹೊತ್ತ ಪ್ರೊಫೆಸರ್. "ಅವೂ ಹೋದ್ರೆ ಪ್ರಬಂಧ ಇಲ್ಲ, ಗುತ್ತಿಗೆ ಮುಂದುವರಿಯೋದೂ ಇಲ್ಲ."

ಆ ಪುಣ್ಯಾತ್ಮ ಯಾರೆಂದು ಮರುವಾರ ತಿಳಿಯಿತು. ಸಮುದ್ರದ ನೀರನ್ನು ಒಳಗೆ ಬಿಡುವ, ತಡೆಯುವ ತೂಬಿನ ಗೇಟು ನೋಡಿಕೊಳ್ಳುವ ಎಂಜಿನಿಯರ್ ಅವನು. ಇಳಿತದ ಹೊತ್ತಿಗೆ ಸರಿಯಾಗಿ ಬಂದು ದಡದಲ್ಲಿ ನಿಂತ.

"ಬೈಯೋದು ಬಾಕಿ ಇದ್ರೆ ಬೈದುಬಿಡಿ ಡಾಕ್ಟ್ರೇ. ಆಮೇಲೆ ಏನಾದ್ರೂ ಕೆಲಸ ಕೊಡಿ."

"ನಿಮಗೆ ಕೆಲಸ ಕೊಟ್ಟು ನಾನು ಕೆಲಸ ಕಳ್ಕೋಬೇಕಾ?"

"ಅಳತೆ ಕೋಲು ಹಿಡ್ಕೊಂಡು ನಿಲ್ತೀನಿ. ನೀವು ಅಲ್ಲಾಡು ಅನ್ನೋವರೆಗೂ ಅಲ್ಲಾಡಲ್ಲ."

ಹಾಗೇ ನಿಂತ! ಅವಳು ಏಡಿಯ ಬಿಲ ಎಣಿಸುವಷ್ಟು ಹೊತ್ತೂ ಸೊಳ್ಳೆ ಕಚ್ಚಿದರೂ ಕೈ ಎತ್ತಲಿಲ್ಲ.

ಆಮೇಲಾಮೇಲೆ ಪ್ರತಿ ರಜೆಗೂ ಬಂದ. ಖಾಲಿ ಜಾಗ ಯಾಕೆ ಬೇಕೆಂದು ಕೇಳಿ ತಿಳಿದುಕೊಂಡ. ದೊಡ್ಡ ಉಬ್ಬರದ ದಿನಗಳಲ್ಲಿ ಗೇಟನ್ನು ಇನ್ನಷ್ಟು ತೆರೆದರೆ ಒಳಗಿನ ನೆಲಕ್ಕೆ ಜೀವ ಬರುತ್ತದೆ ಎಂದು ಅವಳು ಮೂರು ಅರ್ಜಿ ಹಾಕಿ ಸೋತಿದ್ದಳು. ಅವನು ಮೇಲಿನವರ ಹತ್ತಿರ ಓಡಾಡಿ ಒಪ್ಪಿಗೆ ತಂದ. ನೀರು ಒಳನುಗ್ಗಿದ ದಿನ ಇಬ್ಬರೂ ಗೇಟಿನ ಕಟ್ಟೆಯ ಮೇಲೆ ಕೂತು, ಫ್ಲಾಸ್ಕಿನ ಒಂದೇ ಮುಚ್ಚಳದಲ್ಲಿ ಸರದಿಯಂತೆ ಚಹಾ ಕುಡಿದರು.

ಕೆಸರಿಗೆ ಇಳಿಯುವ ದಿನ ಅವಳು ತಲೆ ಬಾಚಿಕೊಳ್ಳತೊಡಗಿದಳು. ಲ್ಯಾಬಿನವರು ಮುಸಿಮುಸಿ ನಕ್ಕರು. ನಗಲಿ ಬಿಡಿ!

*

ಅಷ್ಟರಲ್ಲಿ ಬಂತು ಒಳ್ಳೆಯ ಸುದ್ದಿ. ದೂರದ ಇನ್ನೊಂದು ಕರಾವಳಿಯಲ್ಲಿ ಕಾಯಂ ಕೆಲಸ! ಈ ಪ್ರಬಂಧ ಮುಗಿಸಿಕೊಂಡು ಬನ್ನಿ ಎಂಬುದೊಂದೇ ಷರತ್ತು.

ಎಷ್ಟು ವರ್ಷದಿಂದ ಕಾದಿದ್ದ ಸುದ್ದಿ. ಆದರೆ ಓದಿದ ಕೂಡಲೇ ಅವಳಿಗೆ ನೆನಪಾದದ್ದು ಗೇಟಿನ ಕಟ್ಟೆ. ಅಲ್ಲಿಗೇ ಹೋಗಿ ಹೇಳಿದಳು. ಹೇಳಿ ಅವನ ಮುಖವನ್ನೇ ನೋಡಿದಳು.

ಒಂದು ಮಾತು ಆಡು... ಒಂದೇ ಒಂದು ಮಾತು...

"ಒಳ್ಳೇದಾಯ್ತು ಡಾಕ್ಟ್ರೇ," ಎಂದ ಅವನು. ಗ್ರೀಸ್ ಡಬ್ಬಿ ಎತ್ತಿಕೊಂಡು ಗೇಟಿನ ಚಕ್ರದ ಕಡೆ ತಿರುಗಿದ.

ಅಷ್ಟೇನಾ? ಇಷ್ಟು ದಿನ ಕೋಲು ಹಿಡಿದು ನಿಂತಿದ್ದಕ್ಕೆ ಇಷ್ಟೇನಾ ಅರ್ಥ?

ಅವಳು ಮುನಿಸಿಕೊಂಡು ಲ್ಯಾಬು ಸೇರಿದಳು. ಹಲವು ವಾರ ಮಣ್ಣಿನ ಮಾದರಿ ಜರಡಿ ಹಿಡಿಯುವುದರಲ್ಲೇ ಕಳೆದಳು. ಕೊನೆಯ ಅಳತೆಗೆಂದು ಕಾಲುವೆ ದಾಟಿ ಆ ಎರಡು ಚೌಕಗಳ ಬಳಿ ಬಂದವಳು ಹಾಗೇ ನಿಂತುಬಿಟ್ಟಳು.

ಸಸಿಗಳು!

ಎರಡೂ ಚೌಕದಲ್ಲಿ, ಹಗ್ಗದ ಗುಂಟ ಸಾಲಾಗಿ, ಗೇಣುದ್ದದ ಹಸಿರು ಸಸಿಗಳು. ನರ್ಸರಿಯವರು ಬೆಳೆಸುವ ಜಾತಿಯೇ. ಎರಡು ವರ್ಷ ಒಂದು ಕುಡಿಯೂ ಕಾಣದ ನೆಲವದು.

ನಾನು ಹೋಗುತ್ತೇನೆ ಎಂದ ಮೇಲೆ... ಪ್ರಬಂಧ ಮುಗಿದರೆ ತಾನೇ ಹೋಗುವುದು ಎಂದು... ಅವನು!

ಸುತ್ತ ನೀರು ಏರುತ್ತಿತ್ತು. ಅವಳ ತಲೆಗೆ ಸಿಟ್ಟೂ ಏರಿತು. ಸೀದಾ ಗೇಟಿನ ಕೋಣೆಗೆ ಹೋದಳು. ಕೆಸರು ಕಾಲಲ್ಲೇ ಒಳನುಗ್ಗಿ, ಉಬ್ಬರದ ವೇಳಾಪಟ್ಟಿ ನೋಡುತ್ತಿದ್ದ ಅವನೆದುರು ನಿಂತಳು.

"ನಾನು ಹೋಗಬಾರದು ಅಂತ ನನ್ನ ಕೆಲಸಾನೇ ಕೆಡಿಸಿದ್ರಾ?"

"ಏನಾಯ್ತು ಡಾಕ್ಟ್ರೇ?"

"ಗೊತ್ತಿಲ್ಲದವರ ಹಾಗೆ ಆಡಬೇಡಿ! ಆ ಎರಡು ಚೌಕದಲ್ಲೂ ಸಸಿ ನೆಟ್ಟಿದ್ದೀರಿ!"

"ನಾನಾ? ನಾನು ನೆಟ್ಟಿಲ್ಲ."

"ಇನ್ಯಾರು? ಮೊದಲು ನೆಟ್ಟವರು ಯಾರು? ಆಗ ಗೊತ್ತಿಲ್ಲದೆ ಮಾಡಿದ್ರಿ, ಕ್ಷಮಿಸಿದೆ. ಈಗ ಗೊತ್ತಿದ್ದೂ ಮಾಡಿದ್ರಲ್ಲ! ಇಷ್ಟು ಸ್ವಾರ್ಥನಾ ನಿಮಗೆ?"

ಅವನು ವೇಳಾಪಟ್ಟಿ ಮಡಿಸಿಟ್ಟ. ಮಾತಾಡಿದಾಗ ದನಿ ಏರಿರಲಿಲ್ಲ.

"ಹೋಗಬೇಡಿ ಅಂತ ಹೇಳೋಕೆ ನನಗೆ ಬಾಯಿ ಇತ್ತು ಕಣ್ರೀ. ಅದಕ್ಕೆ ಗಿಡ ಯಾಕೆ ನೆಡ್ಲಿ?"

ಆಮೇಲೆ ಎದ್ದು ಬಾಗಿಲು ತೆರೆದು ಹಿಡಿದ. ಅವಳು ಹೊರಗೆ ಬಂದಳು.

*

ಸಂಜೆ ವಿಡಿಯೋ ಕರೆಯಲ್ಲಿ ಪ್ರೊಫೆಸರ್ ಎಲ್ಲವನ್ನೂ ಕೇಳಿಸಿಕೊಂಡರು. "ಅಳೋದು ಆಮೇಲೆ. ಒಂದು ಸಸಿ ಅಗೆದು ಬೇರು ನೋಡು. ನರ್ಸರಿ ಸಸಿ ಚೀಲದಲ್ಲಿ ಬೆಳೆದಿರುತ್ತೆ, ಬೇರಿಗೆ ಕೆಂಪು ಮಣ್ಣು ಕಚ್ಚಿಕೊಂಡಿರುತ್ತೆ. ಅದಿದ್ರೆ ನಮ್ಮ ಕಥೆ ಮುಗೀತು. ಇಲ್ಲದಿದ್ರೆ ಬೀಜ ಉಬ್ಬರದ ನೀರಲ್ಲಿ ತೇಲಿ ಬಂದು ತಾನಾಗೇ ಬೇರು ಬಿಟ್ಟಿದೆ ಅಂತ. ಗೇಟು ತೆರೆದ್ರೆ ಸಾಕು, ನೆಡೋದೇ ಬೇಡ ಅಂತ ತೋರಿಸಿದ ಹಾಗಾಯ್ತು! ಅದಕ್ಕಿಂತ ದೊಡ್ಡ ಫಲಿತಾಂಶ ಬೇಕಾ?"

ಹೌದಲ್ಲ! ನಾನೇ ಅವನಿಗೆ ಹೇಳಿಕೊಟ್ಟ ಇಷ್ಟು ಸರಳ ವಿಷಯ ಆಗ ನನಗ್ಯಾಕೆ ಹೊಳೆಯಲಿಲ್ಲ? ಯಾವ ಏಡಿಯ ಬಿಲವನ್ನೂ ಎರಡು ಸಲ ನೋಡದೆ ಲೆಕ್ಕಕ್ಕೆ ಹಿಡಿಯದವಳು ಅವಳು. ಅವನ ವಿಷಯದಲ್ಲಿ ಮಾತ್ರ ಒಂದು ಸಲವೂ ನೋಡದೆ ತೀರ್ಪು ಕೊಟ್ಟಿದ್ದಳು.

ಅಷ್ಟರಲ್ಲಿ ಅಮ್ಮನ ಫೋನು. ದುಃಖ ತಡೆಯದೆ ಎಲ್ಲ ಒದರಿಬಿಟ್ಟಳು. ಅವನು ನೆಟ್ಟಿದ್ದು, ಅವನು ಗೇಟು ತೆರೆಸಿದ್ದು, ಅವನು ಚಹಾ ತಂದಿದ್ದು, ಅವನು ಸುಮ್ಮನಾಗಿದ್ದು.

ಅಮ್ಮ ಕೊನೆಯವರೆಗೂ ಕೇಳಿಸಿಕೊಂಡಳು.

"ಅಲ್ವೇ," ಎಂದಳು ಅಮ್ಮ, "ಇಷ್ಟು ಹೊತ್ತು ಅವನು ಅವನು ಅಂತಿದ್ದೀಯಲ್ಲ. ಯಾರೇ ಅವನು?"

"ಗೇಟು ನೋಡ್ಕೊಳ್ಳೋರು ಅಮ್ಮಾ..." ಎಂದು ಅವಳು ಮೂಗು ಒರೆಸಿಕೊಂಡಳು.

"ಆಯ್ತು ಬಿಡು. ಚಿಕ್ಕಮ್ಮನಿಗೆ ಈಗಲೇ ಹೇಳಲ್ಲ," ಎಂದಳು ಅಮ್ಮ ಮೆಲ್ಲಗೆ.

*

ಮರುದಿನ ನೀರು ಇಳಿದ ಕೂಡಲೇ ಅವಳು ಕೈಗುದ್ದಲಿ ಹಿಡಿದು ಚೌಕದ ಬಳಿ ಮಂಡಿಯೂರಿದಳು.

ಒಂದು ಗೇಣು ಅಗೆದರೆ ಸಾಕಿತ್ತು. ಕೆಂಪು ಮಣ್ಣೋ, ಕಪ್ಪು ಕೆಸರೋ, ಕ್ಷಣದಲ್ಲಿ ತಿಳಿದುಹೋಗುತ್ತಿತ್ತು. ತೇಲಿಬಂದ ಬೀಜ ಹಗ್ಗಕ್ಕೆ ತಡೆದು ಸಾಲಾಗಿ ನಿಂತಿರಲೂಬಹುದು. ಅಥವಾ ಅಲ್ಲದಿರಬಹುದು...

ಕೈಗುದ್ದಲಿಯ ತುದಿ ಮಣ್ಣಿಗೆ ತಾಗಿತು. ಅಲ್ಲೇ ನಿಂತಿತು.

ಅಗೆದು ನೋಡಿ, ಆಮೇಲೆ ಹೋಗಿ 'ಕ್ಷಮಿಸಿ, ನೀವು ನೆಟ್ಟಿರಲಿಲ್ಲ' ಎಂದರೆ ಅದರಲ್ಲಿ ನನ್ನದೇನಿದೆ? ಬೇರು ಹೇಳಿದ್ದನ್ನು ಒಪ್ಪಿಸಿದ ಹಾಗಾಯಿತು, ಅಷ್ಟೇ.

ಮೊದಲ ದಿನ 'ಯಾರು ಹೇಳಿದ್ರು' ಎಂದು ಕೇಳಿದಾಗ ಅವನು ಇನ್ನೊಬ್ಬರ ಮೇಲೆ ಹಾಕಬಹುದಿತ್ತು. ಸುತ್ತ ಅಷ್ಟೊಂದು ಸ್ವಯಂಸೇವಕರಿದ್ದರು. ಹಾಕಲಿಲ್ಲ. ನಾನೇ ಎಂದ. ಮಾಡಿದ್ದನ್ನು ಮಾಡಿದೆ ಎಂದವನು ಮಾಡಿಲ್ಲ ಎಂದಾಗ ನಾನ್ಯಾಕೆ ನಂಬಲಿಲ್ಲ?

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ಆದರೂ ಕೇಳಿ ನೋಡಬೇಕಲ್ಲ! ಅವಳು ಎದ್ದಳು. ಸಸಿ ಇದ್ದಲ್ಲೇ ಇತ್ತು.

*

ಅವನು ಗೇಟಿನ ಚಕ್ರ ತಿರುಗಿಸುತ್ತಿದ್ದ. ಅವಳನ್ನು ಕಂಡೂ ಕೈ ನಿಲ್ಲಿಸಲಿಲ್ಲ.

"ನಿನ್ನೆ ನಾನು ಆಡಿದ್ದು ತಪ್ಪು," ಎಂದಳು ಅವಳು. "ನೀವು ನೆಟ್ಟಿಲ್ಲ."

"ಬೇರು ನೋಡಿದ್ರಾ?" ಅವನ ದನಿಯಲ್ಲಿ ಬಿಸಿಯಿರಲಿಲ್ಲ, ಬರೀ ಆಯಾಸ. "ಗೊತ್ತು ನನಗೆ. ನೀವೇ ಹೇಳಿಕೊಟ್ಟಿದ್ದಲ್ವಾ, ಕೆಂಪು ಮಣ್ಣು ಅಂತ. ನೋಡಿದ್ರಿ, ಈಗ ನಂಬಿದ್ರಿ. ಸರಿ ಬಿಡಿ."

"ನೋಡಿಲ್ಲ."

ಚಕ್ರ ನಿಂತಿತು.

"ನಾಳೆ ಅಗೀತೀನಿ, ಪ್ರೊಫೆಸರ್‌ಗೋಸ್ಕರ. ಅವರಿಗೆ ಬೇರು ಬೇಕು. ನನಗೆ ಬೇಡ. ನೀವು ಇಲ್ಲ ಅಂದ್ರಿ, ನನಗೆ ಅಷ್ಟು ಸಾಕಾಗಬೇಕಿತ್ತು..." ಕಣ್ಣೀರು ಧಾರೆಯಾಯಿತು.

ಅವನು ಗ್ರೀಸ್ ಮೆತ್ತಿದ ಕೈ ನೋಡಿಕೊಂಡ. ಕಣ್ಣು ಒರೆಸಲು ಮುಂದೆ ಚಾಚಿ, ಕೈಯ ಅಂದ ಕಂಡು ಹಿಂದೆ ತೆಗೆದ. ಅವಳೇ ಆ ಕೈಯನ್ನು ಹಿಡಿದಳು. ಕೆನ್ನೆಗೆ ಒತ್ತಿಕೊಂಡಳು. ಗ್ರೀಸ್ ಆದರೆ ಆಗಲಿ!

"ಬಾಯಿ ಇತ್ತು ಅಂದ್ರಿ," ಎಂದಳು ಬಿಕ್ಕುತ್ತಲೇ. "ಹೋಗಬೇಡ ಅಂತ ಯಾಕೆ ಹೇಳಲಿಲ್ಲ?"

"ಹೇಗೆ ಹೇಳ್ಲಿ? ಎಷ್ಟು ಒದ್ದಾಡಿ ಸಿಕ್ಕಿದ ಕೆಲಸ ಅದು. ಈಗಲೂ ಹೇಳಲ್ಲ."

ಅವಳು ಹಿಡಿದ ಕೈ ಸಡಿಲಿಸಿದಳು.

"ಸಮುದ್ರ ಇರೋ ಊರಲ್ಲೆಲ್ಲ ಗೇಟು ಇರುತ್ತೆ ಡಾಕ್ಟ್ರೇ," ಎಂದ ಅವನು. "ನೀವು ಹೋಗಿ. ಹೋಗೋವಾಗ ನನ್ನನ್ನೂ ಕರೀರಿ. ನೀವಿಲ್ಲದೆ ಇಲ್ಲಿ ನನಗೆ ಆಗಲ್ಲ. ನೀವಂದ್ರೆ ನನಗೆ ಪ್ರಾಣ."

ಅವಳು ಅಳುತ್ತಲೇ ನಕ್ಕಳು. "ಬನ್ನಿ" ಎನ್ನಲು ಹೋಗಿ ಬಾಯಿಂದ "ಬಾ" ಎಂದು ಬಂತು. ಇಬ್ಬರಿಗೂ ಅದು ಕೇಳಿಸಿತು, ಯಾರೂ ತಿದ್ದಲಿಲ್ಲ.

ಗೇಟಿನ ಕೆಳಗೆ ನೀರು ಒಳಕ್ಕೆ ಹರಿಯತೊಡಗಿತ್ತು. ಬಹಳ ಹೊತ್ತಾದ ಮೇಲೆ ಅವನು ಅಂಜುತ್ತಾ ಕೇಳಿದ.

"ನಾಳೆ ಅಗೆದಾಗ ಕೆಂಪು ಮಣ್ಣೇ ಸಿಕ್ರೆ ಏನ್ಮಾಡ್ತೀಯಾ?"

"ಇನ್ಯಾರೋ ನೆಟ್ಟಿದ್ದಾರೆ ಅಂತ ಹೇಳ್ತೀನಿ."

"ಪ್ರೊಫೆಸರ್ ಪುರಾವೆ ಕೇಳಿದ್ರೆ?"

"ನಿನ್ನನ್ನ ಕರ್ಕೊಂಡು ಹೋಗಿ ಅವರ ಮುಂದೆ ನಿಲ್ಲಿಸ್ತೀನಿ."