ಟಿಲ್ಲಿ ಸ್ಟುಡಿಯೋದ ಹಸಿರು ಗೌನು

೧೯೧೨ರ ಅಕ್ಟೋಬರ್ ೧೪, ಸೋಮವಾರ. ಫೋಟೋಗ್ರಾಫರ್ ಆಂಬ್ರೋಸ್ ಟಿಲ್ಲಿ ಬೆಳಿಗ್ಗೆಯೇ ಲಾರ್ಕ್ ಕ್ರೀಕ್ ಠಾಣೆಗೆ ಬಂದು ದೂರು ಕೊಟ್ಟ. ಹಿಂದಿನ ದಿನ ಊರೆಲ್ಲ ಚರ್ಚಿನಲ್ಲಿದ್ದಾಗ ಯಾರೋ ಹಿಂದಿನ ಕಿಟಕಿ ಒಡೆದು ಸ್ಟುಡಿಯೋಗೆ ನುಗ್ಗಿದ್ದರು. ಸಾರ್ಜೆಂಟ್ ಡುಗಾಲ್ ಮೆಕ್‌ಫೀ ದೂರು ದಾಖಲಿಸಿಕೊಂಡು, ಕಾನ್‌ಸ್ಟೇಬಲ್ ಪ್ರಿಟ್ಚರ್ಡ್‌ನೊಂದಿಗೆ ಸ್ಥಳಕ್ಕೆ ಹೋದ.

ಇಬ್ಬರು ಸಾಕ್ಷಿಗಳ ಎದುರು ಮಹಜರು ನಡೆಯಿತು. ಫೋಟೋ ತೆಗೆದಿಟ್ಟಿದ್ದ ಗಾಜಿನ ನೆಗೆಟಿವ್ ಫಲಕಗಳಲ್ಲಿ ಒಂದೂ ಒಡೆಯದೆ ಉಳಿದಿರಲಿಲ್ಲ. ಒಲೆಯಲ್ಲಿ ಅರೆಸುಟ್ಟ ಹಸಿರು ರೇಷ್ಮೆ, ಹ್ಯಾಟಿನ ತಂತಿ, ಗಂಡಸರ ಕೋಟಿನ ಗುಂಡಿಗಳು. ಗಲ್ಲಾಪೆಟ್ಟಿಗೆಯನ್ನು ಮುಟ್ಟಿರಲಿಲ್ಲ. ಕಿಟಕಿಯ ಚೌಕಟ್ಟಿನ ಮೇಲೆ ರಕ್ತ ಒಣಗಿತ್ತು.

"ಬಟ್ಟೆ ಯಾರವು?" ಮೆಕ್‌ಫೀ ಕೇಳಿದ.

"ನನ್ನವೇ ಸಾಹೇಬ್ರೆ. ಫೋಟೋಕ್ಕೆ ಬರೋರಿಗೆ ಹಾಕ್ಕೊಳ್ಳೋಕೆ ಕೊಡ್ತಿದ್ದೆ. ಮೊಣಕಾಲುದ್ದ ಕೆಸರು ಮೆತ್ಕೊಂಡು ಬರ್ತಾರೆ, ಊರಲ್ಲಿರೋ ಅಮ್ಮಂಗೆ ರಾಣಿ ಥರ ಕಾಣ್ಬೇಕು ಅಂತಾರೆ. ಬೆನ್ನ ಹಿಂದೆ ಪಿನ್ನು ಚುಚ್ಚಿದ್ರೆ ಆ ಹಸಿರು ಗೌನು ಎಲ್ಲರಿಗೂ ಸರಿಹೋಗ್ತಿತ್ತು."

ಪ್ರಿಟ್ಚರ್ಡ್ ನಕ್ಕ. "ಈ ಸೀಮೆ ಹೆಂಗಸ್ರಿಗೆಲ್ಲ ಸೇರಿ ಒಂದೇ ಗೌನು ಅನ್ನಿ!"

"ನಗಬೇಡಿ. ಮಣ್ಣಿನ ಗುಡಿಸಲ ಮುಂದೆ ನಿಲ್ಲಿಸಿ ತೆಗೆದ್ರೆ ಯಾರು ತಗೋತಾರೆ?"

ಕಳ್ಳತನವಲ್ಲ, ಸಿಟ್ಟು ಎಂದು ಮೆಕ್‌ಫೀಗೆ ಅನ್ನಿಸಿತು. ಕೈಗೆ ಗಾಯವಾದವರನ್ನು ಹುಡುಕತೊಡಗಿದರು. ಡಾಕ್ಟರ ಬಳಿ ಯಾರೂ ಹೋಗಿರಲಿಲ್ಲ. ಕುದುರೆ ಲಾಯದ ಮುದುಕ ಮಾತ್ರ ಬಾಯಿಬಿಟ್ಟ.

"ನಿನ್ನೆ ಫಿನ್‌ಲೆಂಡಿನೋರ ಹಟ್ಟಿ ದಾರೀಲಿ ಒಬ್ಳು ನಡ್ಕೊಂಡು ಹೋಗ್ತಿದ್ಲು. ಬಲಗೈಗೆ ಶಾಲು ಸುತ್ಕೊಂಡಿದ್ಲು. ಗಾಡಿ ಹತ್ತು ತಾಯಿ ಅಂದೆ, ತಿರುಗೀನೂ ನೋಡ್ಲಿಲ್ಲ. ಲಂಪಿನೆನ್ ಹೆಂಡ್ತಿ ಅದು."

ಮಧ್ಯಾಹ್ನ ಇಬ್ಬರೂ ಕುದುರೆ ಹತ್ತಿದರು. ದಾರಿಯುದ್ದಕ್ಕೂ ಒಂದು ಮರವಿಲ್ಲ. ಬರೀ ಒಣಹುಲ್ಲು, ಗಾಳಿ. ಹುಲ್ಲುಹೆಂಟೆ ಪೇರಿಸಿ ಕಟ್ಟಿದ ಮನೆ ಅರ್ಧ ನೆಲದೊಳಗೇ ಇತ್ತು. ಏರೊ ಲಂಪಿನೆನ್ ಬಾಗಿಲಿಗೆ ಅಡ್ಡ ನಿಂತ.

"ನನ್ನ ಹೆಂಡ್ತಿ ನಿನ್ನೆ ಮನೆ ಬಿಟ್ಟು ಕದಲಿಲ್ಲ."

"ಸುಮ್ನಿರು ಏರೊ," ಎನ್ನುತ್ತ ಹಿಲ್ಯಾ ಹೊರಬಂದು ಅಂಗೈ ಬಿಚ್ಚಿ ತೋರಿಸಿದಳು. ಗಾಯ ಬಾತುಕೊಂಡಿತ್ತು.

"ಯಾಕಮ್ಮಾ ಒಡೆದೆ?"

"ನಾನು ಇಲ್ಲಿಗೆ ಬಂದ ವರ್ಷ ಆ ಗೌನು ಹಾಕ್ಕೊಂಡು ಫೋಟೋ ತೆಗೆಸಿ ಅಮ್ಮಂಗೆ ಕಳಿಸ್ದೆ. ಸುಖವಾಗಿದೀನಿ ಅಂದ್ಕೊಳ್ಲಿ ಅಂತ. ಅದನ್ನ ನೋಡಿ ತಂಗಿ ಸೈಮಿ ಹೊರಟ್ಲು. ಅವಳಿಗೆ ಗಂಡು ಅಂತ ಬಂದಿದ್ದೂ ಫೋಟೋನೇ, ಅದೇ ಸ್ಟುಡಿಯೋದ ಕರಿ ಕೋಟಲ್ಲಿ ನಿಂತಿದ್ದು."

"ಸೈಮಿ ಎಲ್ಲಿ ಈಗ?"

ಹಿಲ್ಯಾ ಬಡಗಣ ದಿಬ್ಬದ ಕಡೆ ಕೈ ತೋರಿಸಿದಳು. "ಜನವರೀಲಿ ಹೆರಿಗೆ. ಹಿಮಗಾಳಿ ಎದ್ದಿತ್ತು, ಯಾರೂ ಬರೋ ಹಾಗಿರ್ಲಿಲ್ಲ. ಮಗೂನೂ ಅಲ್ಲೇ ಇದೆ. ಅವಳ ಗಂಡ ಮನೆಗೆ ಬೀಗ ಹಾಕಿ ಎತ್ತಲೋ ಹೋದ."

"ನಿನ್ನ ಫೋಟೋ ಒಂದನ್ನೇ ಒಡೀಬಹುದಿತ್ತಲ್ಲ?"

"ಒಂದೇ ಒಡೆಯೋಣ ಅಂತಾನೇ ಹೋದೆ ಸಾಹೇಬ್ರೆ. ಆ ಗಾಜಲ್ಲಿ ಬಿಳೀದೆಲ್ಲ ಕಪ್ಪಾಗಿ ಕಾಣುತ್ತೆ, ಎಲ್ಲರ ಮುಖಾನೂ ಕಪ್ಪು. ಎಲ್ಲರ ಮೈಮೇಲೂ ಅದೇ ಗೌನು. ನಾನ್ಯಾರು ಅಂತ ನಂಗೇ ಗೊತ್ತಾಗ್ಲಿಲ್ಲ. ಎಲ್ಲಾನೂ ಒಡೆದೆ." ಅಂಗೈಗೆ ಮತ್ತೆ ಶಾಲು ಸುತ್ತಿಕೊಳ್ಳುತ್ತ ಹೇಳಿದಳು: "ಸೈಮಿ ಮದುವೆ ಫೋಟೋನೂ ಅದ್ರಲ್ಲೇ ಇತ್ತು. ಅವಳ ಮುಖ ಅಂತ ಇದ್ದಿದ್ದು ಅದೊಂದೇ."

ಮೆಕ್‌ಫೀ ಹೇಳಿಕೆ ಓದಿ ಹೇಳಿದ. ಅವಳು ಎಡಗೈಯಿಂದ ಸಹಿ ಹಾಕಿದಳು. ಸಂಜೆ ಐದಕ್ಕೆ ಬಂಧನವಾಯಿತು. ಏರೊ ತಾನೇ ಗಾಡಿ ಹೂಡಿ, ಅವಳ ಕಾಲಿಗೆ ಕಂಬಳಿ ಹೊದಿಸಿದ.

ದಾರಿಯಲ್ಲಿ ಪ್ರಿಟ್ಚರ್ಡ್ ತಡೆಯಲಾರದೆ ಕೇಳಿದ: "ತಂಗಿ ಹೋಗಿ ಒಂಬತ್ತು ತಿಂಗಳಾಯ್ತಲ್ಲಮ್ಮಾ. ಈಗ್ಯಾಕೆ?"

"ಅಮ್ಮಂಗೆ ಇನ್ನೂ ತಿಳಿಸಿಲ್ಲ," ಎಂದಳು ಹಿಲ್ಯಾ. "ಹೋದ ವಾರ ಊರಿಂದ ಬಂದೋರ ಹತ್ರ ಹೇಳಿ ಕಳ್ಸಿದ್ಲು. ಕ್ರಿಸ್ಮಸ್ಸಿಗೆ ಅಕ್ಕ ತಂಗಿ ಇಬ್ರೂ ಜೊತೇಲಿ ನಿಂತು ಒಂದು ಫೋಟೋ ತೆಗೆಸಿ ಕಳ್ಸಬೇಕಂತೆ."